ತಲೆ ವಾಲಿಸಿ ಕೂತವಳ ಮೊಗ್ಗಿನ ಜಡೆ

ಹೋದ ಭಾನುವಾರ ಕೆಳಗಿನ ಮನೆಯ ಹೆಂಗಸು ಒದ್ದೆ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು. ಒಳಗೆ ಮಲ್ಲಿಗೆ ಮೊಗ್ಗು. ತನ್ನ ಪುಟ್ಟ ಮಗಳಿಗೆ ಮೊಗ್ಗಿನ ಜಡೆ ಹಾಕಿಕೊಡಬೇಕಂತೆ. ಹೊರಮಾವಿನ ಈ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಇರುವ ನಾನು ಹಿಂದೆ ಹಲಸೂರಿನಲ್ಲಿ ಜಡೆ ಹಾಕುತ್ತಿದ್ದೆ ಅಂತ ಯಾರು ಹೇಳಿದರೋ. ಅರಳಿದ ಮಲ್ಲಿಗೆಯ ವಾಸನೆ ಬೇರೆ, ಮೊಗ್ಗಿನ ವಾಸನೆ ಬೇರೆ. ಮೊಗ್ಗಿಗೆ ಎಳೆ ಸೌತೆಕಾಯಿಯ ಹಸಿ ವಾಸನೆ. ಮೂಗಿಗೆ ಅದು ಬಡಿದದ್ದೇ ಹಲಸೂರಿನ ಎದುರುಮನೆಯ ಹುಡುಗಿ ಬಂದು ನಿಂತ ಹಾಗಾಯಿತು. ಆಗೋದಿಲ್ಲ ಅನ್ನೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಈ ಮಗು ಮಣೆ ಎಳೆದುಕೊಂಡು ನನಗೆ ಬೆನ್ನು ಕೊಟ್ಟು ಕೂತೇಬಿಟ್ಟಿತ್ತು.

ಹಲಸೂರಿನ ನಮ್ಮ ಗಲ್ಲಿಯಲ್ಲಿ ಎದುರುಬದುರು ಮನೆಗಳ ನಡುವೆ ಒಂದು ಸ್ಕೂಟರ್ ಹೋಗುವಷ್ಟು ಜಾಗ. ಆ ಹುಡುಗಿಯ ಅಪ್ಪ ಫ್ಯಾಕ್ಟರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅವಳಿಗೆ ಆಗ ಎಂಟು ವರ್ಷ. ನನ್ನನ್ನು ಹೂವಜ್ಜಿ ಅನ್ನುತ್ತಿದ್ದಳು. ಕೂದಲು ಸೊಂಟದ ಕೆಳಗಿತ್ತು. ಬೇರೆ ಮಕ್ಕಳಿಗೆಲ್ಲ ಚೌರಿ ಸೇರಿಸಿ ಜಡೆ ಉದ್ದ ಮಾಡಬೇಕು, ಇವಳಿಗೆ ಬೇಕಿರಲಿಲ್ಲ. ಬಾಯಿ ಮಾತ್ರ ಬಹಳ. ಆ ವರ್ಷ ಕುಂಟಬಿಲ್ಲೆ ಆಡುವಾಗ ಒಂಟಿಕಾಲಲ್ಲಿ ನಿಲ್ಲಲಾಗದೆ ಬೀಳುತ್ತಿದ್ದಳು. ಏನೇ, ಕುಡುಕನ ಹಾಗೆ ತೂರಾಡ್ತೀಯಲ್ಲೇ ಅಂದರೆ, ನಿಮ್ಮನೆ ತಾತನ ಹಾಗಾ ಅಂತ ಕೇಳಿದಳು. ನನ್ನ ಗಂಡ ಜಗಲಿ ಮೇಲೇ ಕೂತಿದ್ದರು. ಇಡೀ ಗಲ್ಲಿ ನಕ್ಕಿತು. ನಾನೂ ನಕ್ಕೆ.

ಬೆಳಗ್ಗೆ ಎದ್ದ ಕೂಡಲೇ ವಾಂತಿ ಮಾಡುತ್ತಿದ್ದಳು. ಆಮೇಲೆ ಸರಿಹೋಗುತ್ತಿತ್ತು. ಅವಳಮ್ಮ ಜಂತುಹುಳಕ್ಕೆ ಔಷಧಿ ಕೊಡಿಸಿದರು. ಪಿತ್ತ ಇರಬೇಕು, ಶುಂಠಿ ರಸ ಕೊಡು ಅಂದವಳು ನಾನು. ತಲೆನೋವು ಅಂದಾಗ ಸ್ಕೂಲಿಗೆ ಕಳ್ಳಬೀಳುತ್ತಾಳೆ ಅಂದವಳೂ ನಾನೇ. ಬೇಸಿಗೆ ರಜೆ ಬಂದಮೇಲೂ ನೋವು ಅನ್ನುತ್ತಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ರಜೆಯಲ್ಲೇ ಅವಳಿಗೆ ಜಡೆ ಹಾಕಿದ್ದು. ಮೊಗ್ಗು ಸಂಜೆಗೆ ಅರಳಿಬಿಡುತ್ತದೆ, ಅಷ್ಟರೊಳಗೆ ಹೊಲಿದು ಮುಗಿಸಿ ಫೋಟೋ ತೆಗೆಸಬೇಕು. ಹೊಲಿಯಲು ಮೂರು ಗಂಟೆ. ಅಷ್ಟೂ ಹೊತ್ತು ಮಗು ತಲೆ ಅಲ್ಲಾಡಿಸಬಾರದು, ವಾಲಿದರೆ ಸಾಲು ಸೊಟ್ಟಗಾಗುತ್ತದೆ. ಅವಳ ತಲೆ ಬಲಕ್ಕೆ ವಾಲುತ್ತಲೇ ಇತ್ತು. ನೆಟ್ಟಗೆ ಮಾಡಿದೆ, ಮತ್ತೆ ವಾಲಿತು. ಗೆಣ್ಣಿನಲ್ಲಿ ಕುಟ್ಟಿದೆ. ಮೂರು ಸಲ ಕುಟ್ಟಿದೆ, ಮೆಲ್ಲಗೇನೂ ಅಲ್ಲ. ಆಗ ಹೇಳಿದಳು.

"ನೆಟ್ಟಗೆ ಇಟ್ಕೊಂಡ್ರೆ ಎಲ್ಲ ಎರಡೆರಡು ಕಾಣ್ಸುತ್ತೆ ಹೂವಜ್ಜಿ."

"ಒಳ್ಳೇದೇ ಆಯ್ತಲ್ಲ, ಒಂದು ಜಡೆ ಹಾಕಿಸ್ಕೊಂಡ್ರೆ ಎರಡು ಕಾಣುತ್ತೆ. ಸುಮ್ನೆ ಕೂತ್ಕೊ."

ಅವಳಮ್ಮ ಒಳಗೆ ರೇಷ್ಮೆ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ. ನಾನು ಹೇಳಲೂ ಇಲ್ಲ. ಹೇಳುವಂಥ ಮಾತು ಅನ್ನಿಸಿದ್ದರೆ ತಾನೆ... ಮಲ್ಲಿಗೆಯ ನಡುವೆ ಕನಕಾಂಬರ, ಅಂಚಿಗೆ ಮರುಗ, ತುದಿಗೆ ಜರಿಯ ಕುಚ್ಚು. ನಾನು ಹಾಕಿದ ಜಡೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಆಟೋದಲ್ಲಿ ಶಿವಾಜಿನಗರದ ಸ್ಟುಡಿಯೋಗೆ ಹೋದೆವು. ಹಿಂದೆ ಕನ್ನಡಿ ನಿಲ್ಲಿಸಿ ಮುಖವೂ ಜಡೆಯೂ ಬರುವ ಹಾಗೆ ಫೋಟೋ ತೆಗೆದರು. ತಲೆ ನೇರ ಮಾಡಮ್ಮ ಅಂತ ಫೋಟೋದವರೂ ನಾಲ್ಕು ಸಲ ಹೇಳಿ, ಕೊನೆಗೆ ವಾಲಿದ ಹಾಗೇ ತೆಗೆದರು.

ಸ್ಕೂಲು ಶುರುವಾದ ಎರಡನೇ ವಾರ ಪ್ರೇಯರಿನಲ್ಲಿ ಬಿದ್ದಳು. ಅಲ್ಲಿಂದ ದೊಡ್ಡಾಸ್ಪತ್ರೆ. ಸ್ಕ್ಯಾನ್ ಮಾಡಿ ಹಿಂತಲೆಯಲ್ಲಿ ಗಡ್ಡೆ ಅಂದರು. ಕ್ಯಾನ್ಸರ್ ಅಂದರೆ ಬೀಡಿ ಸೇದುವ ಮುದುಕರಿಗೆ ಬರುವುದು ಅಂದುಕೊಂಡವರು ನಾವು. ಅವಳಪ್ಪ ಅದನ್ನೇ ಕೇಳಿದರಂತೆ, ಮಕ್ಕಳಿಗೂ ಬರುತ್ತಾ ಅಂತ. ಅಪರೂಪ ಅಂದರಂತೆ ಡಾಕ್ಟರು. ಆದರೆ ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ್ದು ಬಿಟ್ಟರೆ ಈ ತಲೆಯದ್ದೇ ಹೆಚ್ಚು ಅಂದರಂತೆ.

ಅಪರೂಪ ಅಂದರೆ ಏನು ಅಂತ ನಾನು ಊಟದ ಕ್ಯಾರಿಯರ್ ಹಿಡಿದು ವಾರ್ಡಿಗೆ ಹೋದ ದಿನ ನೋಡಿದೆ. ಸಾಲಾಗಿ ಮಂಚ, ಮಂಚಕ್ಕೊಂದು ಬೋಳು ತಲೆ, ತಲೆಗೊಂದು ಬಟ್ಟೆ ಟೋಪಿ. ಕೆ.ಆರ್. ಪುರದ ಒಂದು ಮಗು, ಕೋಲಾರದ ಕಡೆಯದು ಎರಡು. ಒಂದಕ್ಕೆ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಇಷ್ಟೊಂದಾ ಅಂದೆ. ನೆಲ ಒರೆಸುತ್ತಿದ್ದ ತಮಿಳು ಆಯಾ ತಲೆ ಎತ್ತದೆಯೇ ಹೇಳಿದಳು.

"ಒಂದು ಮಂಚ ಖಾಲಿ ಆಗೋದ್ರೊಳ್ಗೆ ಇನ್ನೊಂದು ಮಗು ಬಂದ್ಬಿಡ್ತದೆ ಪಾಟಿ. ನಾನು ಖಾಲಿ ಮಂಚ ನೋಡೇ ಇಲ್ಲ."

ನಮ್ಮ ಹುಡುಗಿಯ ಕೂದಲು ಬೋಳಿಸಿ ಎಸೆದಿದ್ದರು. ಆಪರೇಷನ್ ಆದಮೇಲೆ ಮಾತು ನಿಂತಿತ್ತು. ಕೆಲವು ಮಕ್ಕಳಿಗೆ ಹಾಗಾಗುತ್ತದೆ, ಬರುತ್ತದೆ ಅಂದಿದ್ದರು. ಬರಲಿಲ್ಲ. ಅಷ್ಟು ಬಾಯಿಯ ಹುಡುಗಿ ಕಣ್ಣು ಮಾತ್ರ ತಿರುಗಿಸುತ್ತಿದ್ದಳು. ನಾನಿದ್ದಾಗಲೇ ದೊಡ್ಡ ಡಾಕ್ಟರು ಚಿಕ್ಕ ಡಾಕ್ಟರುಗಳನ್ನು ಕಟ್ಟಿಕೊಂಡು ಬಂದರು. ಯಾವಾಗಿಂದ ವಾಂತಿ, ಯಾವಾಗಿಂದ ತಲೆ ವಾಲಿಸುತ್ತಿದ್ದಳು ಅಂತ ಒಂದೊಂದೇ ಕೇಳಿ ಬರೆಸಿದರು. ಆಮೇಲೆ ಅವಳಮ್ಮನನ್ನು ಕೇಳಿದರು.

"ಎರಡೆರಡು ಕಾಣುತ್ತೆ ಅಂತ ಯಾವತ್ತಾದ್ರೂ ಹೇಳಿದ್ಲಾ?"

"ಇಲ್ಲ ಸರ್. ಒಂದಿನಾನೂ ಹೇಳಿಲ್ಲ."

ಕ್ಯಾರಿಯರಿನ ಹಿಡಿ ನನ್ನ ಕೈಯಲ್ಲಿತ್ತು. ಬಾಯಿ ಇತ್ತು. ತೆರೆಯಲಿಲ್ಲ. ಹುಡುಗಿ ನನ್ನ ಕಡೆ ಕಣ್ಣು ತಿರುಗಿಸಿದಳೋ ಇಲ್ಲವೋ ಗೊತ್ತಿಲ್ಲ, ನಾನು ಅವಳ ಕಡೆ ನೋಡಲೇ ಇಲ್ಲ. ಮೊದಲೇ ಬಂದಿದ್ದರೆ ಅಂತ ಅವಳಮ್ಮ ಕೇಳಿದಾಗ ಡಾಕ್ಟರು ಕಾಗದ ನೋಡುತ್ತಾ, ಹೇಳೋಕಾಗಲ್ಲಮ್ಮ ಅಂದರು. ಉಳಿಯುತ್ತಿದ್ದಳು ಅಂದಿದ್ದರೆ ಒಂದು ಥರ. ಉಳಿಯುತ್ತಿರಲಿಲ್ಲ ಅಂದಿದ್ದರೆ ಇನ್ನೊಂದು ಥರ. ಎರಡೂ ಹೇಳಲಿಲ್ಲ.

ಕಾರ್ತಿಕದಲ್ಲಿ ಹೋದಳು. ಆ ಮನೆಯವರು ಸಿ.ವಿ. ರಾಮನ್ ನಗರದ ಕಡೆಗೆ ಬಾಡಿಗೆಗೆ ಹೋದರು. ಹೋಗುವ ದಿನ ಅವಳಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, ನೀವು ಹಾಕಿದ ಜಡೆಯ ಫೋಟೋ ಒಂದೇ ಅವಳದ್ದು ಅಂತ ನಮಗೆ ಉಳಿದದ್ದು ಅಂದರು. ಆಗಲೂ ಹೇಳಲಿಲ್ಲ. ಆಮೇಲೆ ಅವರು ನನಗೆ ಸಿಗಲಿಲ್ಲ. ನಾನು ಹುಡುಕಲೂ ಇಲ್ಲ.

ಗಿರಾಕಿಗಳಿಗೆ ತೋರಿಸಲು ನನ್ನ ಹತ್ತಿರ ಒಂದು ಆಲ್ಬಮ್ ಇತ್ತು. ಆ ಫೋಟೋದ ಒಂದು ಪ್ರತಿ ಅದರಲ್ಲೇ ಇತ್ತು, ತೆಗೆದಿಟ್ಟಿರಲಿಲ್ಲ. ಜಡೆ ಚೆನ್ನಾಗಿತ್ತಲ್ಲ. ಇನ್ನೆರಡು ಬೇಸಿಗೆ ಅದನ್ನು ತೋರಿಸಿಯೇ ಕೆಲಸ ಹಿಡಿದೆ. ಇಂದಿರಾನಗರದ ಹೆಂಗಸೊಬ್ಬಳು ಫೋಟೋ ಮೇಲೆ ಬೆರಳಿಟ್ಟು, "ಎಷ್ಟು ಮುದ್ದಾಗಿ ತಲೆ ವಾಲಿಸಿದಾಳೆ ನೋಡಿ, ನಮ್ಮ ಪಾಪೂಗೂ ಹೀಗೇ ನಿಲ್ಸಿ ತೆಗೆಸೋಣ" ಅಂದಳು. ಅವತ್ತಿಗೆ ಸೂಜಿ ಎತ್ತಿಟ್ಟೆ. ಎಂಟು ವರ್ಷವಾಯಿತು.

ಹೋದ ಭಾನುವಾರ ಮತ್ತೆ ದಾರ ಪೋಣಿಸಲು ಕಣ್ಣು ಸಾಲದೆ ಮಗಳನ್ನು ಕರೆದೆ. ಹೊಲಿಯುವ ಮುಂಚೆ ಕೆಳಗಿನ ಮನೆಯ ಮಗುವನ್ನು ನನ್ನ ಕಡೆ ತಿರುಗಿಸಿಕೊಂಡು, ಗಲ್ಲ ಹಿಡಿದು ತಲೆ ನೆಟ್ಟಗೆ ಮಾಡಿದೆ. ಒಂದು ಬೆರಳು ಎತ್ತಿ ತೋರಿಸಿ ಎಷ್ಟಿದೆ ಅಂತ ಕೇಳಿದೆ. ಅಜ್ಜಿ ಆಟ ಆಡಿಸುತ್ತಿದ್ದಾರೆ ಅಂದುಕೊಂಡು ಅದರ ತಾಯಿ ನಕ್ಕಳು. ಒಂದು ಅಂತು ಮಗು. ಸರಿ, ತಿರುಗಿ ಕೂತ್ಕೊ ಅಂದೆ.

ಇವತ್ತು ಒಂದು. ನಾಳೆ ಎಷ್ಟೋ, ಯಾರಿಗೆ ಗೊತ್ತು. ಈಗ ಸಿಕ್ಕ ಮಕ್ಕಳನ್ನೆಲ್ಲ ಕೇಳಿದರೂ ಅಷ್ಟೆ. ಆ ಹುಡುಗಿಯನ್ನು ಕೇಳಬೇಕಾಗಿಯೂ ಇರಲಿಲ್ಲ... ಅವಳೇ ಹೇಳಿದ್ದಳು.