ಗೆರೆ ದಾಟದ ಜೀವಕೋಶಗಳು

“ಡಿಗ್ರಿ ಏನೋ ಹೆಂಗೋ ಮುಗಿಸಿದ್ಲು. ಎಮ್ಮೆಸ್ಸಿ ಅಂದ್ರೆ ಹುಡುಗಾಟನಾ? ನಮ್ಮಂಥೋರ ಕೈಲಿ ಆಗೋ ಮಾತಲ್ಲ, ಬಿಡ್ಲೇ” ಎಂದು ಅಪ್ಪನಿಗೆ ಹೇಳಿದವರು ನನ್ನ ದೊಡ್ಡಪ್ಪ. ನನ್ನ ಎದುರಿಗೇ ಹೇಳಿದರು. ಈಗ ಕೋಪವಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿಗೆ ಹೋದವರೇ ಇರಲಿಲ್ಲ, ಅವರು ಕಂಡದ್ದನ್ನು ಅವರು ಹೇಳಿದರು. ಅಪ್ಪ ಮಾತ್ರ ಒಪ್ಪಿದ. ಅವನದೂ ಒಂದು ಷರತ್ತು: ಎರಡು ವರ್ಷ, ಅದರ ಮೇಲೆ ಒಂದು ದಿನವೂ ಇಲ್ಲ. ಅಷ್ಟರಲ್ಲಿ ಮುಗಿಯದಿದ್ದರೆ ಓದು ಅಲ್ಲಿಗೇ ಬಂದ್.

ಕೊನೆಯ ಆರು ತಿಂಗಳು ಪ್ರಾಜೆಕ್ಟ್. ಕ್ಯಾನ್ಸರ್ ಗಡ್ಡೆ ಇದ್ದಲ್ಲೇ ಇದ್ದರೆ ಎಷ್ಟೋ ಸಲ ಕತ್ತರಿಸಿ ತೆಗೆಯಬಹುದು. ಅದರ ಜೀವಕೋಶಗಳು ಎದ್ದು ಹೊರಟು, ಅಡ್ಡ ಬಂದದ್ದನ್ನು ಕರಗಿಸಿಕೊಂಡು ಮೈಯ ಬೇರೆ ಕಡೆ ಬೇರು ಬಿಟ್ಟರೆ ಕಷ್ಟ. ಗಿಡಗಳಲ್ಲಿರುವ ಯಾವುದಾದರೂ ವಸ್ತು ಆ ನಡಿಗೆಯನ್ನು ತಡೆದೀತೇ ಎಂದು ನಮ್ಮ ಲ್ಯಾಬಿನಲ್ಲಿ ನೋಡುತ್ತಿದ್ದರು. ಮಾರ್ಗದರ್ಶಕರಾಗಿದ್ದ ಮೇಡಮ್ ಕೊಟ್ಟ ಗಿಡಗಳ ಪಟ್ಟಿಯಲ್ಲಿ ತಂಗಡಿ, ಅಂದರೆ ಆವರಿಕೆ, ಹೂವಿನ ಹೆಸರು ಕಂಡು ನಾನು ಕೂಗಿಯೇಬಿಟ್ಟೆ: “ಮೇಡಮ್, ಇದು ನಮ್ಮ ಹೊಲದ ಬದಿನ ಮೇಲೇ ಐತೆ!”

ಉಳ್ಳಾರ್ತಿ ಕಾವಲಿನ ಕಡೆ ನಮ್ಮ ಎರಡು ಎಕರೆ. ಅಪ್ಪ ತಾನೇ ಒಂದು ಚೀಲ ಹೂವು ಬಿಡಿಸಿದ, ಮಾಳಿಗೆಯ ಮೇಲೆ ಹರವಿದ, ದಿನಕ್ಕೆ ಮೂರು ಸಲ ಕೈಯಾಡಿಸಿದ. “ಹಸಿ ಉಳಿದ್ರೆ ಬೂಷ್ಟು ಹಿಡೀತೈತೆ ಕಣವ್ವ. ಶೇಂಗಾ ಒಣಗಿಸಿದಂಗೆ ಒಣಗಿಸೀನಿ, ಕೈಯಾಗೆ ಹಿಡಿದ್ರೆ ಗಲಗಲ ಅನ್ಬೇಕು” ಎಂದು ಹೆಮ್ಮೆಯಿಂದ ಕಟ್ಟಿಕೊಟ್ಟ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿದವರಿಗೆ ಒಣಗಿಸುವುದೆಂದರೆ ಬಿಸಿಲು, ಬಿಸಿಲೆಂದರೆ ಒಣಗಿಸುವುದು. ನನಗೂ ಬೇರೆ ಯೋಚನೆ ಬರಲಿಲ್ಲ.

ಪ್ರಯೋಗ ಕೇಳಿದರೆ ಸುಲಭ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕ್ಯಾನ್ಸರ್ ಜೀವಕೋಶಗಳು ಸಂದಿಲ್ಲದಂತೆ ಬೆಳೆದಿರುತ್ತವೆ. ಸಣ್ಣ ಕೊಳವೆಯ ತುದಿಯಿಂದ ನಡುವೆ ಒಂದು ಗೆರೆ ಗೀರಬೇಕು. ಗೀರಿದ ಕಡೆ ಖಾಲಿ ದಾರಿಯಾಗುತ್ತದೆ. ಹಾಗೇ ಬಿಟ್ಟರೆ ಒಂದು ದಿನದೊಳಗೆ ಎರಡೂ ದಡದಿಂದ ಜೀವಕೋಶಗಳು ತೆವಳಿ ಬಂದು ದಾರಿ ಮುಚ್ಚುತ್ತವೆ. ಹೂವಿನ ಸಾರ ಹಾಕಿದ ತಟ್ಟೆಯಲ್ಲಿ ದಾರಿ ತೆರೆದೇ ಉಳಿದರೆ, ಏನೋ ಅವುಗಳ ಕಾಲು ಹಿಡಿದಿದೆ ಎಂದರ್ಥ.

ನನ್ನ ತಟ್ಟೆಯಲ್ಲಿ ದಾರಿ ಮುಚ್ಚಿತು. ಮತ್ತೆ ಮಾಡಿದೆ, ಮುಚ್ಚಿತು. ಐದನೇ ಸಲವೂ ಮುಚ್ಚಿತು. ನನಗಿಂತ ಹಿಂದಿನ ವಿದ್ಯಾರ್ಥಿನಿಗೆ ಇದೇ ತಂಗಡಿ ಹೂವಿನಲ್ಲಿ ಗೆರೆ ಚೆನ್ನಾಗಿ ಉಳಿದಿತ್ತು.

“ಫಲಿತಾಂಶ ಬರದಿದ್ದರೂ ಬರೀಬಹುದು ಕಣಮ್ಮ. ಆದ್ರೆ ಯಾಕೆ ಬರಲಿಲ್ಲ ಅಂತ ನಿಂಗೆ ಗೊತ್ತಿರಬೇಕು. ಗೊತ್ತಾ?” ಎಂದರು ಮೇಡಮ್.

“ಇಲ್ಲ ಮೇಡಮ್.”

“ಇನ್ನು ಒಂದು ತಿಂಗಳು ಐತೆ. ಆಗದಿದ್ರೆ ಮುಂದಿನ ವರ್ಷ ಕೂತ್ಕೊಂಡು ಮಾಡು.”

ಮುಂದಿನ ವರ್ಷ ನನಗೆ ಇರಲಿಲ್ಲ.

ಆ ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಅಲ್ಲಿ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಾಳೆ. ಅವಳಿಗೆ ತಂಗಡಿ ಹೂವಿನ ಚಹಾ ಇಷ್ಟವೆಂದು ಉಳಿದ ಹೂವನ್ನು ಅಪ್ಪ ನನ್ನ ಕೈಲಿ ಕಳಿಸಿದ್ದ. ಅವಳು ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು.

“ಇದೇನೇ? ಹೂವಾ, ಹೊಟ್ಟಾ? ಬಣ್ಣ ಎಲ್ಲೋಯ್ತು?”

“ಅಪ್ಪ ಮಾಳಿಗೆ ಮೇಲೆ ಒಣಗಿಸಿದ್ದು ದೊಡ್ಡವ್ವ.”

“ಬಿಸಿಲಾಗಾ? ಅಯ್ಯೋ ಪಿಚ್ಚಿದಾನಾ!” ಹುಚ್ಚಿ ಎಂದು ಬೈದದ್ದು; ಸಿಟ್ಟು ಬಂದರೂ ಪ್ರೀತಿ ಬಂದರೂ ಅವಳ ಬಾಯಿಗೆ ಮೊದಲು ಬರುವುದು ತೆಲುಗೇ. ನಡುಮನೆಯಲ್ಲಿ ಗಳದ ಮೇಲೆ ತೂಗುಹಾಕಿದ್ದ ರೇಷ್ಮೆ ನೂಲಿನ ಲಡಿಗಳನ್ನು ತೋರಿಸಿದಳು. “ಬಣ್ಣ ಹಾಕಿದ ಲಡಿ ಯಾವತ್ತಾದ್ರೂ ಬಿಸಿಲಿಗೆ ಹಾಕ್ತೀವಾ ನಾವು? ನೆರಳಾಗೆ ಗಾಳಿಗೆ ಒಣಗ್ಬೇಕು. ಅಷ್ಟು ಓದೀಯ, ಅಷ್ಟೂ ತಿಳೀದಾ? ನಿಮ್ಮಪ್ಪನ್ನ ಕೇಳಿದ್ರೆ ಸೀರೇನೂ ಶೇಂಗಾ ಜೊತೆ ಹರವ್ತಾನೆ!”

ಹೂವಿನ ಬಣ್ಣವೇ ಬಿಸಿಲಿಗೆ ತಡೆಯಲಿಲ್ಲವೆಂದರೆ, ನಾನು ಹುಡುಕುತ್ತಿದ್ದ ವಸ್ತು ತಡೆದಿರುತ್ತದೆಯೇ? ಅಲ್ಲಿಂದಲೇ ಮೇಡಮ್‌ಗೆ ಫೋನ್ ಮಾಡಿದೆ.

“ನೋಟ್‌ಬುಕ್ಕಲ್ಲಿ ‘ಒಣಗಿಸಿದೆ’ ಅಂತ ಬರೆದಿದ್ದೀಯ, ಎಲ್ಲಿ ಅಂತ ಬರೆದೇ ಇಲ್ಲವಲ್ಲ! ನೆರಳಲ್ಲಿ ಅಂತ ನಾನೂ ಬಾಯಿಬಿಟ್ಟು ಹೇಳಲಿಲ್ಲ” ಎಂದವರೇ, “ಹೊಸ ಹೂವು ತಾ, ಬೇಗ” ಎಂದರು.

ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. ಅವನ ಮುಖ ಸಣ್ಣಗಾಯಿತು. “ಮೊದ್ಲೇ ಹೇಳ್ಬಾರ್ದೇನವ್ವ” ಎಂದವನೇ ಹೊಲಕ್ಕೆ ಹೋದ. ಈ ಸಲ ಹೂವು ಬಿಳಿ ಪಂಚೆಯ ಮೇಲೆ ಒಳಕೋಣೆಯಲ್ಲಿ ಮಲಗಿತು. ವಾರ ಕಳೆದರೂ ಹಳದಿ ಹಳದಿಯಾಗೇ ಇತ್ತು.

ಮತ್ತೆ ಗೆರೆ ಗೀರಿದೆ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಸಾರ ಹಾಕದ ತಟ್ಟೆಯಲ್ಲಿ ದಾರಿ ಮುಚ್ಚಿಹೋಗಿತ್ತು. ಸಾರ ಹಾಕಿದ ತಟ್ಟೆಯಲ್ಲಿ ಹೊಸದಾಗಿ ಗೀರಿದಂತೆ ದಾರಿ ತೆರೆದಿತ್ತು! ಎರಡೂ ದಡದಲ್ಲಿ ಜೀವಕೋಶಗಳು ನಿಂತುಬಿಟ್ಟಿದ್ದವು. ನಾನು ಓಡಿಹೋಗಿ ಮೇಡಮ್‌ರನ್ನು ಕೈಹಿಡಿದೇ ಕರೆತಂದೆ.

ಅವರು ನೋಡಿದರು. “ನಿಂತಿದ್ದಾವೋ, ಸತ್ತಿದ್ದಾವೋ?”

ಒಳ್ಳೆಯ ಪ್ರಶ್ನೆ. ಸತ್ತದ್ದು ನಡೆಯುವುದಿಲ್ಲ, ಅದರಲ್ಲಿ ವಿಶೇಷವೇನಿದೆ? ಸತ್ತ ಜೀವಕೋಶ ಮಾತ್ರ ಹೀರಿಕೊಳ್ಳುವ ನೀಲಿ ಬಣ್ಣ ಹಾಕಿ ನೋಡಿದೆ. ನೀಲಿಯಾದವು ಎಲ್ಲೋ ನಾಲ್ಕಾರು. ಉಳಿದವೆಲ್ಲ ಬದುಕಿದ್ದವು, ನಡೆಯುತ್ತಿರಲಿಲ್ಲ ಅಷ್ಟೇ. ಮುಂದಿನ ವಾರ ಜರಡಿಯಂಥ ಪೊರೆಯ ಮೇಲೆ ಗಂಜಿಯಂಥ ಪದರ ಹಾಕಿ, ಅದನ್ನು ಕರಗಿಸಿಕೊಂಡು ಕೆಳಗಿಳಿಯುವ ಜೀವಕೋಶಗಳನ್ನು ಎಣಿಸಿದೆ. ಹೂವಿನ ಸಾರವಿದ್ದ ಕಡೆ ಇಳಿದವು ಬಹಳ ಕಡಿಮೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ದೊಡ್ಡವ್ವನಿಗೆ ಫೋನಿನಲ್ಲಿ ಕಿರುಚಿ ಹೇಳಿದೆ.

“ಹಂಗಾದ್ರೆ ಕಷಾಯ ಕಾಸಿ ಕುಡಿದ್ರೆ ಕ್ಯಾನ್ಸರ್ ನಿಲ್ತೈತಾ?”

“ಇಲ್ಲ ದೊಡ್ಡವ್ವ! ತಟ್ಟೇಲಿ ನಿಂತಿದ್ದು ಮೈಯಾಗೆ ನಿಲ್ತೈತಾ ಅಂತ ಇದ್ರಿಂದ ಗೊತ್ತಾಗಲ್ಲ. ಕಾಯಿಲೆಯೋರು ಆಸ್ಪತ್ರೆಗೇ ಹೋಗ್ಬೇಕು.”

“ಅಷ್ಟಕ್ಕೇ ಇಷ್ಟು ಕುಣೀತೀಯಾ?”

“ಅಷ್ಟಕ್ಕೇ!”

ವರದಿಯಲ್ಲಿ ಬಿಸಿಲಿನ ಹೂವಿನ ಕತೆಯನ್ನೂ ಮುಚ್ಚಿಡದೆ ಬರೆದೆ. ಮೌಖಿಕ ಪರೀಕ್ಷೆಗೆ ಬಂದವರು ಹೆಚ್ಚು ಕೇಳಿದ್ದು ಅದರ ಬಗ್ಗೆಯೇ. ಎರಡು ವರ್ಷಕ್ಕೆ ಒಂದು ದಿನವೂ ಮೀರದೆ ಪಾಸಾದೆ.

ಘಟಿಕೋತ್ಸವದ ದಿನ ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದ. ಹೊರಗೆ ಬಂದು ಪ್ರಮಾಣಪತ್ರ ಚಾಚಿದರೆ ಮುಟ್ಟಲೊಲ್ಲ. “ತಾಳು” ಎಂದು ನಲ್ಲಿಗೆ ಹೋಗಿ ಕೈ ತೊಳೆದು, ಅಂಗಿಗೆ ಒರೆಸಿಕೊಂಡು ಬಂದು, ಎರಡೂ ಅಂಚು ಹಿಡಿದ.

“ಎಲ್ಲೈತೆ ನಿನ್ನ ಹೆಸರು?”

ಅವನ ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಬಹಳ ಹೊತ್ತು ನೋಡಿದ.

“ಇಷ್ಟು ಸಣ್ಣಕ್ಕೆ ಬರ್ದವ್ರಲ್ಲವ್ವ” ಎಂದ. “ಇನ್ನೊಂದೀಟು ದಪ್ಪಕ್ಕೆ ಬರೀಬೇಕಾಗಿತ್ತು.”