ಪಕ್ಕದವರು ಕೊಟ್ಟ ಐಬು

ಕಳೆದ ಭಾನುವಾರ ಮಧ್ಯಾಹ್ನ ನನಗೊಂದು ಐಬು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದವರು ಕೊಟ್ಟರು. ನಾನು ಕೈಯಾರೆ ಬರೆದುಕೊಂಡೆ.

(ಇರುವ ಐಬುಗಳು ಸಾಲದೇ ಅಂತ ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.)

ತಂಗಿಯ ಮಗಳು ನಯನಾ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಭಾನುವಾರ ಮಾತ್ರ ಅವಳು ಬೇರೆಯೇ ಲೋಕದ ಒಡತಿ. ವಿದ್ಯಾನಗರದ ಅವಳ ಮನೆಯಲ್ಲಿ ಕೆಲವರು ಟೇಬಲ್ ಸುತ್ತ ಕೂತು ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತಾರೆ. ಮೊಬೈಲ್ ಇಲ್ಲ, ಸ್ಕ್ರೀನ್ ಇಲ್ಲ. ಒಬ್ಬೊಬ್ಬರೂ ಒಂದು ಪಾತ್ರವಾಗುತ್ತಾರೆ. ನಯನಾ ಕಥೆ ಹೇಳುತ್ತಾ ಹೋಗುತ್ತಾಳೆ. "ಎದುರಿಗೆ ಹೊಳೆ. ಏನ್ಮಾಡ್ತೀರಿ?" ಅನ್ನುತ್ತಾಳೆ. ಇವರು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ, ಹೆಚ್ಚು ಬಿದ್ದಷ್ಟೂ ಒಳ್ಳೆಯದು. ಅಂದರೆ ಇದು ಪೂರಾ ಮಾತಿನ ಆಟ.

ಅದೇ ಆವತ್ತಿನ ತೊಂದರೆಯಾಗಿತ್ತು.

"ಮಾವ, ಇವತ್ತು ರೂಪಾ ಮೇಡಂ ಬರ್ತಿದಾರೆ" ಎಂದಳು ನಯನಾ, ಮೆಟ್ಟಿಲ ಮೇಲೇ ನನ್ನನ್ನು ತಡೆದು. "ಥೈರಾಯ್ಡ್ ಆಪರೇಷನ್ ಆದ್ಮೇಲೆ ದನಿ ಹೋಗಿದೆ. ಬರೀ ಪಿಸುಪಿಸು. ವಾಪಸ್ ಬರುತ್ತೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ಇವತ್ತಿಗೆ ರಜೆ ಮುಗಿಯುತ್ತೆ. ಕ್ಲಾಸಿಗೆ ಹೋಗಲ್ಲ, ಲೈಬ್ರರಿ ಕೆಲಸ ಕೇಳ್ತೀನಿ ಅಂತಿದಾರೆ. ನೀವು ಏನೂ ಕೇಳೋಕೆ ಹೋಗ್ಬೇಡಿ."

ರೂಪಾ ಭದ್ರಾವತಿಯ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವರು. ನಯನಾಗೂ ಅವರೇ ಪಾಠ ಮಾಡಿದ್ದು. ಈ ಟೇಬಲ್ಲಿನಲ್ಲಿ ಅವರದು ವಾಗ್ಮಿಯ ಪಾತ್ರವಾಗಿತ್ತಂತೆ. ಕತ್ತಿ ಹಿಡಿದು ಬಂದವರನ್ನೂ ಭಾಷಣ ಮಾಡಿ ಕೂರಿಸುತ್ತಿದ್ದ ಗಂಡಸು. ಆವತ್ತು ಬಂದು ಕೂತವರೇ ಅವರು ನಯನಾಗೆ ಹೇಳಿದ ಮೊದಲ ಮಾತು, "ಅವನನ್ನ ಕಾಶಿಗೆ ಕಳಿಸಿಬಿಡು ಮಾರಾಯ್ತಿ. ಹೊಸಬರನ್ನ ಮಾಡ್ಕೊಳ್ತೀನಿ."

ಹಾಗಾಗಿ ಹೊಸ ಪಾತ್ರ ಮಾಡಬೇಕಾದವರು ಇಬ್ಬರು. ಅವರು, ಮತ್ತು ಮೊದಲ ಸಲ ಆಡಲು ಬಂದಿದ್ದ ನಾನು.

ನಯನಾಳ ಆಟದಲ್ಲಿ ಪಾತ್ರಕ್ಕೆ ನಾಲ್ಕು ಬಲ. ತೋಳು, ಕಾಲು, ತಲೆ, ಮಾತು. ಒಂದಿಷ್ಟು ಅಂಕ ಕೊಡುತ್ತಾಳೆ, ಅದನ್ನು ನಾವೇ ಹಂಚಬೇಕು. ನಾನು ನಾಲ್ಕಕ್ಕೂ ಸಮಸಮ ಹಂಚಿದೆ.

"ಏನ್ ಮಾವ, ಪಂಕ್ತೀಲಿ ಪಾಯಸ ಬಡಿಸ್ತಿದೀರಾ? ಯಾರಿಗೂ ಬೇಜಾರಾಗಬಾರದು ಅಂತ ಹಂಚಿದ್ರೆ ನಿಮ್ಮ ಮನುಷ್ಯ ಯಾತಕ್ಕೂ ಬರಲ್ಲ."

ನಿಜವಲ್ಲವೇ? ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇರುವುದನ್ನೇ ನಾವು ಒಳ್ಳೆಯ ಗುಣ ಅಂತ ಕರೆಯುತ್ತಾ ಬಂದಿದ್ದೇವೆ. ನಾನು ಅಳಿಸಿ, ತಲೆಗೆ ಹೆಚ್ಚು ಕೊಟ್ಟು ಒಬ್ಬ ಊರೂರು ಸುತ್ತುವ ಪಂಡಿತನನ್ನು ಮಾಡಿದೆ.

ಆಮೇಲೆ ಬಂತು ಆ ಟೇಬಲ್ಲಿನ ವಿಶೇಷ ಪದ್ಧತಿ. ಪ್ರತಿ ಪಾತ್ರಕ್ಕೂ ಒಂದು ಐಬು ಇರಲೇಬೇಕು. ಆದರೆ ಅದನ್ನು ನೀವು ಆರಿಸುವ ಹಾಗಿಲ್ಲ. ಪಕ್ಕದಲ್ಲಿ ಕೂತವರು ಕೊಡಬೇಕು. ತನ್ನ ಬೆನ್ನು ತನಗೆ ಕಾಣದು ತಾನೇ?

ನನ್ನ ಪಕ್ಕ ರೂಪಾ. ನನ್ನ ಪಂಡಿತನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಪಿಸುಗುಟ್ಟಿದರು. "ನಡೆದದ್ದನ್ನ ಹೇಳುವಾಗ ಸ್ವಲ್ಪ ಸೇರಿಸಿ ಹೇಳ್ತಾನೆ."

ಇವರು ನನ್ನ ಅಂಕಣ ಓದುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಈಗ ಅವರ ಸರದಿ. ಎದುರಿಗಿದ್ದ ಸಿದ್ದೇಶ್ ಸಲಹೆ ಕೊಟ್ಟರು. ಅಡಿಕೆ ಮಂಡಿಯವರು, ದೊಡ್ಡ ಗಂಟಲಿನ ಮನುಷ್ಯ, ಈ ಗುಂಪಿನ ಹಳಬರು. "ಮೇಡಂ, ಒಬ್ಬ ಮೌನಿಬಾಬಾ ಮಾಡ್ಕೊಳ್ಳಿ. ಬರೀ ಸನ್ನೆ. ನಿಮಗೂ ಆರಾಮು."

ರೂಪಾ ಬೇಡವೆಂದು ತಲೆಯಾಡಿಸಿದರು. ಓಲ್ಡ್ ಟೌನ್ ಮಾರ್ಕೆಟ್ಟಿನ ಪಕ್ಕವೇ ಬೆಳೆದವರು. ಅಂಕವನ್ನೆಲ್ಲ ತೆಗೆದು 'ಮಾತು' ಎಂಬಲ್ಲಿ ಸುರಿದರು. ಹೆಸರು ಗಂಗಕ್ಕ. ಕಸುಬು, ಸಂತೆಯಲ್ಲಿ ಕೂಗಿ ಕೂಗಿ ಮೀನು ಮಾರುವುದು.

ಗಂಗಕ್ಕನಿಗೆ ಐಬು ಕೊಡಬೇಕಾದವನು ನಾನು! ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಅದನ್ನು ಬಾಯಿ ಬಿಡುವ ಹಾಗಿಲ್ಲ. "ಸ್ವಲ್ಪ ಹಟಮಾರಿ" ಎಂದೆ.

"ಇದು ಐಬಾ ಸಾರ್? ಮದುವೆ ಬ್ರೋಕರ್ ಹೇಳೋ ಐಬು ಇದು. 'ಹುಡುಗಿಗೆ ಸ್ವಲ್ಪ ಹಟ, ಮನಸ್ಸು ಮಾತ್ರ ಚಿನ್ನ'" ಎಂದು ಸಿದ್ದೇಶ್ ನಕ್ಕರು.

ರೂಪಾ ನಗಲಿಲ್ಲ. ನನ್ನ ಕಡೆ ಬಾಗಿದರು. "ಗಂಟಲು ಹೋಗಿರೋದು ನಂದು ಸಾರ್. ಗಂಗಕ್ಕಂದಲ್ಲ. ಅವಳಿಗೆ ಅವಳದ್ದೇ ಐಬು ಕೊಡಿ."

ಆ ಮಾತನ್ನು ನಾನು ಸೇರಿಸಿ ಬರೆದಿಲ್ಲ. ಇದ್ದದ್ದೇ ಹಾಗೆ.

ಧೈರ್ಯ ಬಂತು. "ಹೊಟ್ಟೇಲಿ ಗುಟ್ಟು ನಿಲ್ಲಲ್ಲ" ಎಂದೆ. ಅವರ ಮುಖ ಅರಳಿತು. ಬರೆದುಕೊಂಡರು.

ಆಟ ಶುರುವಾಯಿತು. ಆವತ್ತು ಆಡುತ್ತಿದ್ದ ನಾವು ಮೂವರೂ ರಾಜನ ಕಾವಲುಗಾರರಿಂದ ತಪ್ಪಿಸಿಕೊಂಡು ಒಂದು ಗೋದಾಮಿನಲ್ಲಿ ಅಡಗಿದ್ದೆವು. ಗಂಗಕ್ಕ ಏನೇ ಅಂದರೂ ನಾವೆಲ್ಲ ಮುಂದಕ್ಕೆ ಬಾಗಬೇಕಿತ್ತು. ಯಾವಾಗಲೋ ಸಿದ್ದೇಶ್ ಎದ್ದು ಹೋಗಿ ಫ್ಯಾನ್ ಆಫ್ ಮಾಡಿದರು. ಯಾರೂ ಹೇಳಿರಲಿಲ್ಲ. ಆ ಸೆಕೆಯಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಅವರ ದನಿಯೂ ಕೆಳಗಿಳಿದಿತ್ತು. ಆ ಗಂಟಲು ಇಳಿದದ್ದನ್ನು ಮಂಡಿಯವರು ಯಾರೂ ನಂಬುವುದಿಲ್ಲ ಬಿಡಿ.

"ಕಾವಲುಗಾರರು ಹಿಂದಿನ ಬಾಗಿಲ ಹೊರಗೇ ನಿಂತಿದ್ದಾರೆ. ಗಂಗಕ್ಕ, ಏನ್ಮಾಡ್ತೀರಿ?"

ಗುಟ್ಟು ನಿಲ್ಲದವಳು ಏನು ಮಾಡುತ್ತಾಳೆ? ರೂಪಾ ಎದ್ದು ನಿಂತರು. ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈ ಬಾಯಿಗೆ. "ಏಯ್! ಇಲ್ಲಿದೀವಿ ಬನ್ರೋ! ಹಿಂದಿನ ಬಾಗಿಲಲ್ಲಿ ಏನ್ ಹುಡುಕ್ತೀರ, ಮುಂದೆ ಬನ್ನಿ. ಈಗಷ್ಟೇ ಬಂದಿರೋ ಮಾಲು, ಫ್ರೆಶ್ಶು!"

ದಾಳ ಉರುಳಿತು. ಹತ್ತೊಂಬತ್ತು.

ನಯನಾ ಒಂದು ಕ್ಷಣ ಯೋಚಿಸಿದಳು. "ಅಡಗಿ ಕೂತಿರೋರು ಯಾರಾದ್ರೂ ಹಿಂಗೆ ಕೂಗ್ತಾರಾ? ಯಾರೋ ಮೀನಿನವಳು ಅಂದ್ಕೊಂಡು ಕಾವಲುಗಾರರು ಹೊರಟೇ ಹೋದ್ರು."

ನಾವು ನಕ್ಕ ನಗು ಕೇಳಿ ಕೆಳಗಿನ ಮನೆಯವರು ಹೊರಗೆ ಬಂದು ನೋಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವರು ರೂಪಾ. ಸದ್ದಿಲ್ಲದೆ, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು.

ನಾಟಕದಲ್ಲಿ ಪಾತ್ರ ಸಿಗಬೇಕಾದರೆ ಕಂಠ ಬೇಕು, ಕಾಲೇಜಿನಲ್ಲಿ ಕೆಲಸ ಸಿಗಬೇಕಾದರೆ ಡೆಮೊ ಕ್ಲಾಸ್ ಬೇಕು. ಇಲ್ಲಿ ಮಾತ್ರ, ನಾನು ಗಂಟಲಿನವಳು ಅಂತ ಬರೆದುಕೊಂಡರೆ ಮುಗಿಯಿತು, ಕೇಳಿಸಿಕೊಳ್ಳುವುದು ಉಳಿದವರ ಕೆಲಸ. ಇಷ್ಟು ಮರ್ಯಾದೆಯ ಜಾಗ ನಾನು ಬೇರೆಲ್ಲಿ ನೋಡಿದ್ದೇನೆ? ನೆನಪಾಗುತ್ತಿಲ್ಲ.

ನೆನಪು ಅಂದೆನಲ್ಲ. ಮಂಗಳವಾರ ಇದನ್ನು ಬರೆಯಲು ಕೂತಾಗ ಗಂಗಕ್ಕನ ಕೂಗು ನನ್ನ ಕಿವಿಯಲ್ಲಿ ಗಟ್ಟಿಯಾಗಿ ಕೇಳಿಸುತ್ತಿತ್ತು. ತುಂಬಿದ ಗಂಟಲು, ಓಣಿಯಾಚೆಗೂ ಹೋಗುವಂಥದ್ದು. ಅನುಮಾನ ಬಂದು ನಯನಾಗೆ ಫೋನ್ ಮಾಡಿದೆ.

"ಆ ಒಂದು ಸಲ ಅವರು ನಿಜವಾಗಿ ಕೂಗಿದ್ರು ಅಲ್ವಾ?"

"ಇಲ್ಲ ಮಾವ. ಅದೂ ಪಿಸುಮಾತೇ."

ನನಗೆ ನಂಬಿಕೆಯಾಗಲಿಲ್ಲ. ಹಾಗಾದರೆ ಆ ದನಿ ಎಲ್ಲಿಂದ ಬಂತು? ಸೇರಿಸಿ ಹೇಳುವ ಐಬು ನನ್ನ ಪಂಡಿತನದು, ನನ್ನದಲ್ಲ ಎಂದು ವಾದಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಹೇಳುವ ಸುದ್ದಿ ಅವಳ ಹತ್ತಿರವೇ ಇತ್ತು.

"ಮೇಡಂ ನಿನ್ನೆ ಕ್ಲಾಸಿಗೇ ಹೋದ್ರಂತೆ. ಲೈಬ್ರರಿ ಸುದ್ದಿ ಎತ್ತಲೇ ಇಲ್ವಂತೆ. ಹಿಂದಿನ ಬೆಂಚಿನವರೆಲ್ಲ ತಾವಾಗೇ ಎದ್ದು ಮುಂದೆ ಬಂದು ಕೂತ್ರಂತೆ."

ಅಷ್ಟೇ ಹೇಳಿದ್ದು ಅವಳು. ಆ ಹುಡುಗರಲ್ಲಿ ಒಬ್ಬ ಎದ್ದು ಹೋಗಿ ಫ್ಯಾನ್ ಆಫ್ ಮಾಡಿದ ಅಂತ ನಾನೇ ಸೇರಿಸಿಬಿಡಲೇ?