ಅಪ್ಪನ ದೊಡ್ಡ ಶಬ್ದಗಳು

ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಯಾರೂ ಬಳಸದ ಇಂಗ್ಲಿಷ್ ಶಬ್ದಗಳದ್ದು. ಊರು ಬಿಟ್ಟು ಹೋದ ಬಿಳಿಯ ದೊರೆಯೊಬ್ಬನ ಸಾಮಾನು ಹರಾಜಾದಾಗ ರಟ್ಟಿಲ್ಲದ ಒಂದು ನಿಘಂಟು ತಂದಿದ್ದರು. ದಿನಕ್ಕೊಂದು ಶಬ್ದ ಬಾಯಿಪಾಠ. ಗಂಜಿ ಉಣ್ಣುವಾಗ ಅದನ್ನು ನಮಗೂ ಬಡಿಸುತ್ತಿದ್ದರು. ಮುಸ್ಸಂಜೆಗೆ ಸೇರಿದ್ದೆಲ್ಲ ‘ಕ್ರೆಪಸ್ಕ್ಯುಲರ್’ ಅಂತೆ. ಅರ್ಜಿ ಬರೆಸಲು ಕುದ್ರೋಳಿಯ ನಮ್ಮ ಜಗಲಿಗೆ ಹೊಳೆಯಾಚೆಯ ಬೆಂಗ್ರೆಯಿಂದಲೂ ದೋಣಿಯಲ್ಲಿ ಜನ ಬರುತ್ತಿದ್ದರು. ಓದಿದವರಿಗೂ ಅರ್ಥವಾಗದ ಅರ್ಜಿಗೇ ತೂಕ ಹೆಚ್ಚು ಎಂಬುದು ಅವರ ನಂಬಿಕೆ. ಅಪ್ಪನದ್ದೂ ಅದೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಕ್ಷಯ ಹತ್ತಿತು. ಸಂಜೆಯಾದರೆ ಜ್ವರ, ಕೆಮ್ಮಿದರೆ ರಕ್ತ. ಇಲ್ಲಿಯ ಡಾಕ್ಟರರು ಮದ್ರಾಸಿನ ಕಡೆಯ ಒಂದು ಆಸ್ಪತ್ರೆಯ ವಿಳಾಸ ಕೊಟ್ಟು, “ಬೇಗ ಬರೆಯಿರಿ, ಹಾಸಿಗೆ ಸಿಕ್ಕಿದ್ರೆ ಬದುಕಿಯಾರು” ಎಂದರು. ಅಪ್ಪ ಎರಡು ದಿನ ನಿಘಂಟು ಹಿಡಿದು ಕೂತರು. ಪತ್ರ ಮೂರು ಪುಟವಾಯಿತು. ಓದಿ ನೋಡಿದೆ. ಕ್ಷಯ ಎಂಬ ಮಾತೇ ಇಲ್ಲ, ರಕ್ತವೂ ಇಲ್ಲ. ಜ್ವರ ಮಾತ್ರ ಕ್ರೆಪಸ್ಕ್ಯುಲರ್ ಆಗಿತ್ತು.

“ಟಿ.ಬಿ. ಅಂತ ಬರೆದ್ರೆ ಸಾಕಲ್ಲ ಅಪ್ಪ?” ಎಂದೆ.

“ಅದು ಶಾಲೆ ಮಕ್ಕಳ ಇಂಗ್ಲಿಷ್ ಮಾರಾಯ್ತಿ. ದೊಡ್ಡ ಡಾಕ್ಟರಿಗೆ ಹಾಗೆಲ್ಲ ಬರೀಲಿಕ್ಕೆ ಉಂಟಾ? ನಿನಗೆ ಎಂತ ಗೊತ್ತು?”

ಒಳಗಿನಿಂದ ಅಮ್ಮ ಹೇಳಿದಳು: “ಅವರಿಗೆ ಬಿಡು. ಊರಿನವರದ್ದೆಲ್ಲ ಬರೀತಾರೆ, ನನ್ನದು ಬರೀಲಿಕ್ಕೆ ಬರುದಿಲ್ವಾ?”

ಅವಳ ದನಿಯಲ್ಲಿ ಹೆಮ್ಮೆಯಿತ್ತು. ನಾನು ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇಪ್ಪತ್ತು ದಿನ ಕಳೆದು ಉತ್ತರ ಬಂತು, ಒಂದೇ ಸಾಲು. ರೋಗಿ ಯಾರು, ಕಾಯಿಲೆ ಏನು, ದಯವಿಟ್ಟು ತಿಳಿಸಿ. ಅಪ್ಪನ ಮುಖ ಸಪ್ಪಗಾಯಿತು. ಹೊಸ ಕಾಗದ ತೆಗೆದು ಬಹಳ ಹೊತ್ತು ಕೂತರು, ಸಣ್ಣ ಶಬ್ದಗಳು ಅವರಿಗೆ ಸಿಗಲೇ ಇಲ್ಲ. ಕೊನೆಗೆ ಕಾಗದವನ್ನು ನನ್ನ ಕಡೆ ತಳ್ಳಿದರು. ನಾಲ್ಕು ಸಾಲು ಬರೆದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಹಾಸಿಗೆ ಇದೆ, ಕರೆತನ್ನಿ ಎಂಬ ಕಾರ್ಡು ಬಂದದ್ದು ಅಮ್ಮನ ಉತ್ತರಕ್ರಿಯೆಯ ಮರುದಿನ. ಇನ್ನು ಬೇಡ ಎಂದು ತಿಳಿಸಬೇಕಿತ್ತು. ಅದನ್ನೂ ನಾನೇ ಬರೆದೆ. ಅಪ್ಪ ಓದಿ, ಮಡಚಿ, ಕೇಳಿದರು: “ಮೊದಲಿನದ್ದನ್ನೂ ನೀನೇ ಬರೆದಿದ್ರೆ ಅವಳು ಬದುಕ್ತಿದ್ದಳಾ?”

ಇಲ್ಲ ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ.